ಪರಲೋಕದ ನಿರೀಕ್ಷೆ, ಮಂಗಳೂರಿನ ಹಂಚು

(ನಾಗಪುರದ ಲಕ್ಷ್ಮೀ ನಗರದಲ್ಲಿ ಕನ್ನಡ ಬಂಧುಗಳ ಮುಂದೆ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ತೀರಿಹೋದವರ ಹೆಸರಿನಲ್ಲಿ ಬದುಕಿರುವವರಿಗೆ ನಾಲ್ಕು ಮಾತು ಹೇಳುವುದು ದತ್ತಿ ಉಪನ್ಯಾಸದ ಕೆಲಸ. ವಿಷಯವೂ ಅದಕ್ಕೆ ಒಪ್ಪುವಂಥದ್ದಾಗಿರಲಿ ಎಂದು ‘ಕ್ರೈಸ್ತ ಬದುಕಿನಲ್ಲಿ ಪರಲೋಕದ ನಿರೀಕ್ಷೆ ಮತ್ತು ಇಹದ ಭೋಗ’ ಎಂಬುದನ್ನು ಆರಿಸಿಕೊಂಡೆ. ಹೆಸರು ಕೇಳಿದೊಡನೆ ಕೆಲವರಿಗೆ ಭಾನುವಾರದ ಪ್ರಸಂಗ ನೆನಪಾಗಿ ಆಗಲೇ ತೂಕಡಿಕೆ ಬಂದಿರಬಹುದು. ಗಾಬರಿ ಬೇಡ. ನಾನು ಸಭೆಯ ಬೆಂಚಿನ ಮೇಲೆ ಕೂತು ಬೆಳೆದವನೇ ಹೊರತು ಬೋಧಕನಲ್ಲ; ಕನ್ನಡ ಮೇಷ್ಟ್ರು. ನನಗೆ ಪರಿಚಯವಿರುವ ದೇವಶಾಸ್ತ್ರವೆಲ್ಲ ಹಳೆಯ ಕನ್ನಡ ಪುಸ್ತಕಗಳ ಮೂಲಕ ಬಂದದ್ದು. ಆ ಪುಸ್ತಕಗಳನ್ನು ಬರೆದ, ಅಚ್ಚು ಹಾಕಿಸಿದ, ಓದಿ ಮನೆಮಠ ಬಿಟ್ಟ ಜನರ ಕಥೆಯನ್ನೇ ಇವತ್ತು ಹೇಳುತ್ತೇನೆ.

ಮೊದಲು ಮೂಲದ ಮಾತು. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ, ಮನಸ್ಸು ಮೇಲಿನ ಸಂಗತಿಗಳ ಕಡೆಗಿರಲಿ ಎಂದು ಬುದ್ಧಿ ಹೇಳುತ್ತಾನೆ. ನುಸಿ ತಿನ್ನುವ, ಕಳ್ಳರು ಕನ್ನ ಹಾಕುವ ಗಂಟನ್ನು ಕೂಡಿಡಬೇಡಿ ಎಂದು ಯೇಸುಸ್ವಾಮಿ ಬೆಟ್ಟದ ಮೇಲೆ ಕೂತು ಹೇಳಿದ. ಆದರೆ ಅದೇ ಯೇಸು ತನ್ನ ಮೊದಲ ಸೂಚಕಕಾರ್ಯವನ್ನು ಮಾಡಿದ್ದು ಕಾನಾ ಊರಿನ ಮದುವೆಮನೆಯಲ್ಲಿ, ದ್ರಾಕ್ಷಾರಸ ಮುಗಿದುಹೋದಾಗ. ಸುಂಕದವರ ಪಂಕ್ತಿಯಲ್ಲಿ ಉಂಡು ಹೊಟ್ಟೆಬಾಕ ಅನ್ನಿಸಿಕೊಂಡವನೂ ಅವನೇ. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆಯುವಾಗ ಪೌಲನು, ಹೊರಟುಹೋಗುವುದೇ ನನಗೆ ಲೇಸು, ಆದರೆ ನಿಮ್ಮ ಸಲುವಾಗಿ ಉಳಿಯಬೇಕಾಗಿದೆ ಎಂಬ ಅರ್ಥದ ಮಾತಾಡುತ್ತಾನೆ. ಹೋಗುವ ಆಸೆ, ಉಳಿಯುವ ಕೆಲಸ: ಕ್ರೈಸ್ತ ನಿರೀಕ್ಷೆಯ ಎಳೆದಾಟ ಇಷ್ಟೇ. ಇದರಲ್ಲಿ ಒಂದು ತುದಿಯನ್ನಷ್ಟೇ ಹಿಡಿದವರು ಎರಡು ಸಾವಿರ ವರ್ಷಗಳಲ್ಲಿ ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಎರಡನ್ನೂ ಹಿಡಿದವರು ಹೇಗೆ ಬದುಕಿದರು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದು ನನ್ನ ಪ್ರಶ್ನೆ.

1834ರ ಅಕ್ಟೋಬರ್ ಕೊನೆಯಲ್ಲಿ ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. ಅವರನ್ನು ಕಳಿಸಿದ್ದು 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಮಿಶನ್. ಅದರ ಬೇರು ಇದ್ದದ್ದು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ. ಆ ಮನೆಗಳಲ್ಲಿ ಕುಣಿತ, ನಾಟಕ, ಇಸ್ಪೀಟು, ಕುಡಿತ ಯಾವುದಕ್ಕೂ ಜಾಗವಿರಲಿಲ್ಲ. ಈ ಲೋಕ ಅವರಿಗೆ ದಾರಿಯ ಛತ್ರ, ರಾತ್ರಿ ತಂಗಿ ಬೆಳಗ್ಗೆ ಹೊರಡುವ ಜಾಗ. ಅಂಥ ಜನ ಕನ್ನಡ ನಾಡಿಗೆ ಬಂದರೆ ಏನು ಮಾಡಬೇಕಿತ್ತು? ಛತ್ರದ ಗೋಡೆಗೆ ಸುಣ್ಣ ಬಳಿಯುವ ಗೊಡವೆಗೂ ಹೋಗಬಾರದಿತ್ತು. ಆದದ್ದು ಅದರ ತಿರುಗಾಮುರುಗಾ.

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಈಗಲೂ ಜುಲೈ 1 ನಮಗೆ ಪತ್ರಿಕಾ ದಿನ. ಅದರಲ್ಲಿ ಊರ ವರ್ತಮಾನ, ಸರಕಾರದ ನಿರೂಪ, ದೇಶಾಂತರದ ಸುದ್ದಿ ಎಲ್ಲ ಇದ್ದವು. ಪರಲೋಕಕ್ಕೆ ಹೊರಟ ಮನುಷ್ಯನಿಗೆ ಊರ ವರ್ತಮಾನ ಏಕೆ ಬೇಕಿತ್ತು ಎಂದು ಕೇಳಿಕೊಳ್ಳಿ. ಮೊಗ್ಲಿಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ನೀಲಗಿರಿಯ ಕೇಟಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಹಣದ ನೆರವಿನಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಮಾಡಿಸಿದರು. ಓಲೆಗರಿಗಳಲ್ಲಿ, ಹಾಡುವವರ ನಾಲಗೆಯಲ್ಲಿ ಉಳಿದಿದ್ದ ದಾಸರ ಪದಗಳು ಮೊದಲ ಸಲ ಅಚ್ಚಿನ ಪುಸ್ತಕವಾಗಿ ಬಂದದ್ದು 1850ರ ಹೊತ್ತಿಗೆ, ಒಬ್ಬ ಕ್ರೈಸ್ತ ಮಿಷನರಿಯ ಕೈಯಿಂದ.

ಇದನ್ನು ಪರಧರ್ಮವನ್ನು ಅರಿತು ಖಂಡಿಸುವ ಹಂಚಿಕೆ ಎಂದು ವಿವರಿಸುವವರಿದ್ದಾರೆ. ಆ ಉದ್ದೇಶ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೂ ದಾಸರ ಪದಗಳನ್ನು ಓದಿದವರಿಗೆ ಗೊತ್ತು: ದೇಹ ನಿಲ್ಲುವುದಿಲ್ಲ, ಹೆಂಡಿರು ಮಕ್ಕಳು ಕೊನೆಗೆ ಜೊತೆ ಬರುವುದಿಲ್ಲ, ಕೂಡಿಟ್ಟ ಹೊನ್ನು ಇಲ್ಲೇ ಉಳಿಯುತ್ತದೆ ಎಂಬುದು ಆ ಪದಗಳ ಒಳದನಿ. ವ್ಯೂರ್ಟೆಂಬರ್ಗಿನ ಭಕ್ತಿಪಂಥದ ಮಗನಿಗೆ ಈ ದನಿ ಪರಕೀಯವಾಗಿ ಕೇಳಿಸಿರಲಾರದು. ಮೂರ್ತಿಪೂಜೆಯನ್ನು ಹಳಿಯುತ್ತಿದ್ದ ಬಾಯಿ ಪುರಂದರದಾಸರ ವೈರಾಗ್ಯದ ಮುಂದೆ ಸ್ವಲ್ಪ ಹೊತ್ತು ಸುಮ್ಮನಾಗಿದ್ದಿರಬೇಕು ಎಂಬುದು ನನ್ನ ಊಹೆ. ಊಹೆ ಎಂದೇ ತೆಗೆದುಕೊಳ್ಳಿ.

ಇದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಕಥೆ ನಿಮಗೆ ಗೊತ್ತಿರುವುದೇ. 1853ರಲ್ಲಿ ಬಂದವರು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ ಕ್ರಿಸ್ತಚರಿತೆಯನ್ನು ದೇಶೀ ಛಂದಸ್ಸಿನಲ್ಲಿ ಹಾಡಿದರು. ಮಿಶನ್ ಸಭೆಗಳಲ್ಲಿ ಜರ್ಮನ್ ರಾಗದ ಕೀರ್ತನೆಗಳೇ ಮೊಳಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಆಮೇಲೆ ದಶಕಗಳ ದುಡಿಮೆಯಿಂದ 1894ರಲ್ಲಿ ನಿಘಂಟು ಬಂತು, ಸುಮಾರು 70,000 ಪದಗಳು. ಅದರಲ್ಲಿ ದೇವರ ಶಬ್ದಗಳಷ್ಟೇ ಇಲ್ಲ. ಒಲೆ, ನೇಗಿಲು, ಮದ್ದು, ಬೈಗುಳ, ಗಾದೆ ಎಲ್ಲ ಇವೆ. ಈ ಲೋಕ ಅಳಿಯುವಂಥದ್ದು ಎಂದು ನಂಬಿದವರು ಅಳಿಯುವ ಲೋಕದ ಒಂದೊಂದು ಮಾತನ್ನೂ ಹೆಕ್ಕಿಟ್ಟರು.

ಇನ್ನು ಹಂಚಿನ ಮಾತು. ಕರಾವಳಿಯಲ್ಲಿ ಬಾಸೆಲ್ ಮಿಶನ್ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರಲ್ಲಿ ಅನೇಕರ ಕಸುಬು ಕಳ್ಳು ಇಳಿಸುವುದು. ಮಿಶನ್ನಿನ ಕಟ್ಟಳೆಯಲ್ಲಿ ಕುಡಿಯುವುದೂ ನಿಷಿದ್ಧ, ಕುಡಿಸುವುದೂ ನಿಷಿದ್ಧ. ದೀಕ್ಷಾಸ್ನಾನವಾದ ಮರುದಿನ ಆ ಮನುಷ್ಯ ಮರ ಹತ್ತುವಂತಿಲ್ಲ. ಹತ್ತದಿದ್ದರೆ ಮನೆಯಲ್ಲಿ ಗಂಜಿ ಇಲ್ಲ. ಜಾತಿಯವರು ಹತ್ತಿರ ಸೇರಿಸುವುದಿಲ್ಲ, ಧಣಿ ಗೇಣಿಗೆ ಜಮೀನು ಕೊಡುವುದಿಲ್ಲ. ಪರಲೋಕದ ನಿರೀಕ್ಷೆ ಅಕ್ಕಿ ಬೇಯಿಸುವುದಿಲ್ಲ ಎಂಬುದು ಮಿಷನರಿಗಳಿಗೆ ಬಹಳ ಬೇಗ ಅರ್ಥವಾಯಿತು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದು ಮಗ್ಗ ಹಾಕಿದ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಂಡೆಯ ಜೇಡಿಮಣ್ಣು, ಯುರೋಪಿನ ಅಚ್ಚು, ಕಳ್ಳಿನ ಕಸುಬು ಬಿಟ್ಟವರ ಕೈ. ಮುಂಗಾರಿಗೆ ಸೋರುತ್ತಿದ್ದ ಮುಳಿಹುಲ್ಲಿನ ಮಾಡು ಹೋಗಿ ಮಂಗಳೂರು ಹಂಚು ಬಂತು. ಪಶ್ಚಿಮ ಕರಾವಳಿಯ ಮನೆಗಳ ಮೈಬಣ್ಣವೇ ಬದಲಾಯಿತು. ಅದರ ಹಿಂದೆ ಇದ್ದದ್ದು, ಮೇಲಿನ ಲೋಕಕ್ಕಾಗಿ ಕೆಳಗಿನ ಕಸುಬನ್ನು ಬಿಟ್ಟ ಕುಟುಂಬಗಳ ಹಸಿವು.

ಇಲ್ಲಿ ಒಂದು ಕಹಿಯನ್ನೂ ಹೇಳಬೇಕು. ಕೂಲಿ ಕೊಡುವವರೂ ಪ್ರಸಂಗ ಮಾಡುವವರೂ ಒಂದೇ ಮಿಶನ್ನಿನವರಾದಾಗ, ಸಭೆಯ ಶಿಸ್ತು ಮುರಿದವನಿಗೆ ಹೊಟ್ಟೆಯ ಭಯವೂ ಇತ್ತು. ಭಕ್ತಿಯಿಂದ ಕುಡಿತ ಬಿಟ್ಟವನು ಯಾರು, ಯಜಮಾನನ ಅಂಜಿಕೆಯಿಂದ ಬಿಟ್ಟವನು ಯಾರು ಎಂದು ಬೇರ್ಪಡಿಸುವುದು ದೇವರಿಗೇ ಸಾಧ್ಯ. ಭೋಗವನ್ನು ತ್ಯಜಿಸಲು ಮೊದಲು ಭೋಗಿಸುವ ಸ್ವಾತಂತ್ರ್ಯವಿರಬೇಕು. ಬಡವನಿಗೆ ವೈರಾಗ್ಯ ಬೋಧಿಸುವುದು ಸುಲಭದ ಕೆಲಸ.

ನಿರೀಕ್ಷೆಯನ್ನು ತಪ್ಪಾಗಿ ಓದಿದ ಪ್ರಸಂಗವೂ ಒಂದಿದೆ. 1840ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡದ ಕಡೆ ಕಾಲಜ್ಞಾನಿಗಳೆಂಬ ಪಂಥದವರು ಮಿಷನರಿಗಳ ಬಳಿಗೆ ಬಂದರು. ಚನ್ನಬಸವಣ್ಣ ಮತ್ತೆ ಬರುತ್ತಾನೆ, ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ ಎಂಬ ಕಾಲಜ್ಞಾನ ನಮ್ಮ ಉತ್ತರ ಕರ್ನಾಟಕದಲ್ಲಿ ಹಳೆಯದು. ಬರುವವನಿಗಾಗಿ ಕಾಯುತ್ತಿದ್ದ ಈ ಜನ, ಬರುವ ರಾಜ್ಯದ ಮಾತಾಡುತ್ತಿದ್ದ ಈ ಬಿಳಿಯರು ಒಬ್ಬರನ್ನೊಬ್ಬರು ಭೇಟಿಯಾದರು. ಊರಿಗೆ ಊರೇ ಸಭೆ ಸೇರುತ್ತದೆಂದು ಮಿಷನರಿಗಳು ಉಬ್ಬಿದರು. ಗದಗಿನ ಸೀಮೆಯ ಮಲಸಮುದ್ರದಲ್ಲಿ ಒಂದು ವಸತಿಯೂ ಎದ್ದಿತು. ನೆಚ್ಚಿದಷ್ಟು ಜನ ಬರಲಿಲ್ಲ. ಒಬ್ಬರು ಕಾಯುತ್ತಿದ್ದದ್ದು ಈ ನೆಲದಲ್ಲೇ ನ್ಯಾಯ ನಡೆಸುವ ಅರಸನಿಗಾಗಿ. ಇನ್ನೊಬ್ಬರು ತೋರಿಸಿದ್ದು ಸಾವಿನಾಚೆಯ ಊರನ್ನು. ಕಾಲಜ್ಞಾನಿಗಳ ನಿರಾಸೆಯ ಬಗ್ಗೆ ನಮ್ಮ ಸಭಾಚರಿತ್ರೆಗಳು ಒಂದೆರಡು ಸಾಲಿನಲ್ಲಿ ಮಾತು ಮುಗಿಸುತ್ತವೆ. ನನಗೆ ಅದು ಆ ಶತಮಾನದ ಬಹಳ ಮುಖ್ಯ ಭೇಟಿಗಳಲ್ಲಿ ಒಂದಾಗಿ ಕಾಣುತ್ತದೆ.

ನಿಮ್ಮ ನಾಗಪುರಕ್ಕೆ ಬರೋಣ. ಸ್ಕಾಟ್‌ಲೆಂಡಿನ ಸ್ಟೀಫನ್ ಹಿಸ್ಲಾಪ್ 1845ರಲ್ಲಿ ಇಲ್ಲಿಗೆ ಬಂದರು. ಹಿಸ್ಲಾಪ್ ಕಾಲೇಜಿನ ಮುಂದೆ ದಿನಾ ಓಡಾಡುವ ನಿಮಗೆ ಹೆಸರು ಹೊಸದಲ್ಲ. ಆದರೆ 1883ರಲ್ಲಿ ಕಾಲೇಜು ಶುರುವಾಗುವ ಹೊತ್ತಿಗೆ ಅವರು ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಸುವಾರ್ತೆ ಸಾರಲು ಬಂದವರು ಶಾಲೆ ನಡೆಸಿದರು, ಗೊಂಡರ ಹಾಡು ಕಥೆಗಳನ್ನು ಬರೆದುಕೊಂಡರು, ಈ ಸೀಮೆಯ ಬಂಡೆಗಳಲ್ಲಿ ಗಿಡಗಳ, ಮೀನುಗಳ ಪಳೆಯುಳಿಕೆ ಹುಡುಕಿದರು. ಅವರ ಹೆಸರಿನ ಒಂದು ಖನಿಜವೇ ಇದೆ, ಹಿಸ್ಲೋಪೈಟ್. 1863ರ ಸೆಪ್ಟೆಂಬರ್ 4ರಂದು ಟಾಕಳಘಾಟದ ಪುರಾತನ ಕಲ್ಲುವೃತ್ತಗಳನ್ನು ನೋಡಲು ಹೋಗಿ, ಹಳ್ಳಿಯ ಶಾಲೆಯ ಪರೀಕ್ಷೆ ಮುಗಿಸಿ, ಕತ್ತಲಲ್ಲಿ ಕುದುರೆ ಏರಿ ಹೊರಟವರು ತುಂಬಿದ ಹಳ್ಳದಲ್ಲಿ ಕೊಚ್ಚಿಹೋದರು. ಅವರ ಗೊಂಡ ಬರಹಗಳನ್ನು ರಿಚರ್ಡ್ ಟೆಂಪಲ್ 1866ರಲ್ಲಿ ಪ್ರಕಟಿಸಿದರು. ಕೋಟ್ಯಂತರ ವರ್ಷ ಹಳೆಯ ಕಲ್ಲನ್ನು ಕೈಯಲ್ಲಿ ಹಿಡಿದು ನಿತ್ಯಜೀವದ ಮಾತಾಡಲು ಒಂದು ಬಗೆಯ ನಿರ್ಭಯ ಬೇಕು. ಬೈಬಲ್ಲಿಗೂ ಭೂವಿಜ್ಞಾನಕ್ಕೂ ಯುರೋಪಿನಲ್ಲಿ ಜಗಳ ಕಾದಿದ್ದ ದಿನಗಳು ಅವು.

ಇಂಥ ಬಾಳುಗಳನ್ನು ಕಂಡೇ ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್, ಆಚೆಯ ಲೋಕವನ್ನು ಹೆಚ್ಚಾಗಿ ನೆನೆದವರೇ ಈಚೆಯ ಲೋಕಕ್ಕೆ ಹೆಚ್ಚು ಕೆಲಸ ಮಾಡಿಕೊಟ್ಟರು ಎಂಬ ಅಭಿಪ್ರಾಯಕ್ಕೆ ಬಂದದ್ದು. ಕ್ರೈಸ್ತ ವೇದಿಕೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಖಚಿತ. ನನಗೆ ಅರ್ಧ ಒಪ್ಪಿಗೆ. ಇನ್ನರ್ಧಕ್ಕೆ ಒಬ್ಬ ಹೆಣ್ಣುಮಗಳು ಅಡ್ಡ ನಿಂತಿದ್ದಾಳೆ.

ಮಂಗಳೂರಿನ ಸಾರಸ್ವತ ತರುಣ ಆನಂದರಾಯ ಕೌಂಡಿನ್ಯ, ಇನ್ನಿಬ್ಬರು ಬ್ರಾಹ್ಮಣ ತರುಣರ ಜೊತೆ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಊರಲ್ಲಿ ದೊಡ್ಡ ಗದ್ದಲವಾಯಿತು. ಅವರು ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಗುರುಪಟ್ಟ ಪಡೆದು ಮರಳಿದರು. ಮತಾಂತರದ ಹೊತ್ತಿಗೆ ಅವರಿಗೆ ಮದುವೆಯಾಗಿತ್ತು. ಹೆಂಡತಿಯ ಹೆಸರು ಲಕ್ಷ್ಮೀ. ಆಕೆ ಅವರ ಹಿಂದೆ ಬರಲಿಲ್ಲ. 1860ರಲ್ಲಿ ಕೌಂಡಿನ್ಯರು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು. ಕೌಂಡಿನ್ಯರ ತ್ಯಾಗವನ್ನು ನಮ್ಮ ಪುಸ್ತಕಗಳು ಕೊಂಡಾಡುತ್ತವೆ, ಕೊಂಡಾಡಬೇಕಾದ್ದೇ. ಜಾತಿ, ಆಸ್ತಿ, ಮಾನ ಎಲ್ಲವನ್ನೂ ಬಿಟ್ಟರು. ಆದರೆ ಹತ್ತೊಂಬತ್ತನೆಯ ಶತಮಾನದ ಬ್ರಾಹ್ಮಣ ಮನೆಯಲ್ಲಿ, ಗಂಡ ಬದುಕಿದ್ದೂ ಇಲ್ಲದಂತಾದ ಹುಡುಗಿಯ ದಿನಗಳು ಹೇಗಿದ್ದವು? ಆಕೆ ಬರೆದ ಒಂದು ಸಾಲೂ ನಮ್ಮ ಕೈಯಲ್ಲಿಲ್ಲ. ಈ ಬಡಾವಣೆಯ ಹೆಸರಿಗೂ ಆಕೆಗೂ ಸಂಬಂಧವಿಲ್ಲ ಬಿಡಿ; ಆದರೂ ಲಕ್ಷ್ಮೀ ನಗರದಲ್ಲಿ ನಿಂತು ಈ ವಿಷಯ ಮಾತಾಡುವವನು ಆಕೆಯನ್ನು ನೆನೆಯದೆ ಮುಂದಕ್ಕೆ ಹೋಗುವುದು ಸರಿಯಲ್ಲ ಅನಿಸಿತು.

ಹೀಗೆ ಬಿಟ್ಟುಹೋಗುವವನ ಕಥೆಯೇ ಆದ, ಇಂಗ್ಲಿಷ್ ಲೇಖಕ ಜಾನ್ ಬನ್ಯನ್ನನ ಹೆಸರಾಂತ ಕೃತಿ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’, ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಅದೇ ಶತಮಾನದಲ್ಲಿ ಕನ್ನಡಕ್ಕೆ ಬಂತು. 1678ರಲ್ಲಿ ಬಂದ ಮೂಲದ ಮೊದಲ ಭಾಗದಲ್ಲಿ ನಾಯಕ, ಹೆಂಡತಿ ಮಕ್ಕಳು ಕೂಗುತ್ತಿದ್ದರೂ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಆರು ವರ್ಷದ ಮೇಲೆ ಬನ್ಯನ್ ಎರಡನೆಯ ಭಾಗ ಬರೆದು ಅದೇ ಹೆಂಡತಿ ಮಕ್ಕಳನ್ನು ಅದೇ ದಾರಿಯಲ್ಲಿ ನಡೆಸಿದ. ಆ ಓಟ ಅವನಿಗೂ ಮನಸ್ಸಿನೊಳಗೆ ಚುಚ್ಚುತ್ತಿತ್ತೋ ಏನೋ. ಬದುಕಿನಲ್ಲಿ ಎಲ್ಲರಿಗೂ ಎರಡನೆಯ ಭಾಗ ಸಿಕ್ಕುವುದಿಲ್ಲ. ನಂಬಿಕೆಗಾಗಿ ಭೋಗವನ್ನು ಬಿಡಬಹುದು. ಬಿಟ್ಟುಹೋದ ಮನುಷ್ಯರನ್ನು ಭೋಗದ ಲೆಕ್ಕಕ್ಕೆ ಸೇರಿಸುವ ಹಕ್ಕು ಯಾವ ನಂಬಿಕೆಗೂ ಇಲ್ಲ.

ಈ ಊರಿನಲ್ಲಿ ಪರಲೋಕದ ಮಾತಾಡುವವನು ಇನ್ನೊಂದು ಲೆಕ್ಕವನ್ನೂ ಒಪ್ಪಿಸಬೇಕು. ಇಲ್ಲಿಂದ ಹತ್ತಿರದಲ್ಲೇ ದೀಕ್ಷಾಭೂಮಿ ಇದೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ್ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧರಾದದ್ದು ಅಲ್ಲಿ. ಅವರು ಕ್ರೈಸ್ತ ಧರ್ಮವನ್ನೂ ಯೋಚಿಸಿ ನೋಡಿದವರು. ಸಭೆಯೊಳಗೂ ಜಾತಿ ಉಳಿದದ್ದನ್ನು ಕಂಡು ಅದನ್ನು ಆರಿಸಲಿಲ್ಲ. ಸತ್ತ ಮೇಲೇನು ಎಂಬ ಚಿಂತೆಯನ್ನು ಬದಿಗಿಟ್ಟು, ಮನುಷ್ಯನು ಮನುಷ್ಯನೊಡನೆ ಹೇಗೆ ಬಾಳಬೇಕು ಎಂಬುದನ್ನೇ ಧಮ್ಮದ ತಿರುಳಾಗಿ ಅವರು ಕಂಡರು. ಆಚೆಯ ಸುಖದ ಆಸೆ ತೋರಿಸಿ ಈಚೆಯ ಅವಮಾನವನ್ನು ಸಹಿಸಿಕೊಳ್ಳುವಂತೆ ಮಾಡುವ ಯಾವ ಧರ್ಮಕ್ಕೂ ಅವರಲ್ಲಿ ಕ್ಷಮೆಯಿರಲಿಲ್ಲ.

ಈ ಆಕ್ಷೇಪಕ್ಕೆ ಶಾಸ್ತ್ರದಿಂದ ಉತ್ತರ ಕೊಡಲಾಗದು. ಬದುಕಿ ತೋರಿಸಿದ ಉದಾಹರಣೆ ಬೇಕು, ಒಂದು ಇದೆ. 1850ರ ದಶಕದಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋದರು. ಅಲ್ಲಿಯ ಹೊಲೆಯರು ತಲೆಮಾರುಗಳಿಂದ ಒಡೆಯರ ವಂಶಪಾರಂಪರ್ಯದ ಜಮ್ಮಾ ಭೂಮಿಗೆ ಕಟ್ಟುಬಿದ್ದ ಜೀತದವರು. ಅವರಲ್ಲಿ ಕ್ರೈಸ್ತರಾದವರಿಗಾಗಿ ಕಾಫಿ ತೋಟದ ನಡುವೆ ಒಂದು ಊರು ಎದ್ದಿತು. ಹಣ ಹಾಕಿದವರಲ್ಲಿ ಕೌಂಡಿನ್ಯರೂ ಒಬ್ಬರು. ಊರಿಗೆ ಅವರದೇ ಹೆಸರು, ಆನಂದಪುರ. ನಿನ್ನ ಒಡೆಯ ಬೇರೆ ಇದ್ದಾನೆ, ಅವನು ಪರಲೋಕದಲ್ಲಿದ್ದಾನೆ ಎಂಬ ಮಾತು ಜೀತದವನ ಕಿವಿಯಲ್ಲಿ ಹೇಗೆ ಕೇಳಿಸಿರಬೇಕು! ಅವನನ್ನು ಅದು ಮಲಗಿಸಲಿಲ್ಲ, ಎಬ್ಬಿಸಿತು. ಸಾರಸ್ವತ ಬ್ರಾಹ್ಮಣನ ಆಸ್ತಿ ಹೊಲೆಯರ ಕೇರಿಗೆ ನೆಲವಾಯಿತು. ಅಂಬೇಡ್ಕರರು ದೀಕ್ಷಾಭೂಮಿಯಲ್ಲಿ ನಿಲ್ಲುವುದಕ್ಕೆ ಸುಮಾರು ನೂರು ವರ್ಷ ಮೊದಲಿನ ಸಂಗತಿ ಇದು. ಒಂದು ಆನಂದಪುರದಿಂದ ಇಡೀ ಆಕ್ಷೇಪ ತೀರುವುದಿಲ್ಲ. ಇವತ್ತಿಗೂ ದಕ್ಷಿಣ ಭಾರತದ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಸಮಾಧಿಭೂಮಿಯೇ ಬೇರೆ, ಕೆಲವೆಡೆ ನಡುವೆ ಗೋಡೆ. ಪುನರುತ್ಥಾನದ ದಿನ ಎಲ್ಲರೂ ಒಟ್ಟಿಗೆ ಏಳುತ್ತಾರೆಂದು ಸಮಾಧಿಯ ತಲೆಯಲ್ಲಿ ಪ್ರಾರ್ಥಿಸುವ ಸಭಾಪಾಲಕರು ಆ ಗೋಡೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅಂಥ ಸಭೆ ಪರಲೋಕವನ್ನು ಬೋಧಿಸದೆ ಇರುವುದೇ ಮೇಲು.

ಕಟ್ಟಿದ್ದೆಲ್ಲ ಏನಾಯಿತು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. 1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಷನರಿಗಳು ಶತ್ರುಗಳಾದರು. ಅನೇಕರನ್ನು ನಿಮ್ಮ ಮಹಾರಾಷ್ಟ್ರದ ಅಹಮದ್‌ನಗರದ ಬಂದಿಶಿಬಿರಕ್ಕೆ ಸಾಗಿಸಿದರು. ಹಂಚಿನ ಕಾರ್ಖಾನೆ, ನೇಯ್ಗೆ, ವ್ಯಾಪಾರ ಎಲ್ಲ ಸರಕಾರದ ವಶವಾಗಿ ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿತು. ಸಭೆಗಳು ಉಳಿದವು. 1947ರಲ್ಲಿ ದಕ್ಷಿಣ ಕನ್ನಡದ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿದವು. ಉತ್ತರ ಭಾರತ ಸಭೆ ಉದ್ಘಾಟನೆಯಾದದ್ದು ಇದೇ ನಾಗಪುರದಲ್ಲಿ, 1970ರ ನವೆಂಬರ್ 29ರಂದು. ಕಾರ್ಖಾನೆ ಹೋದಾಗ ಅದರ ಜೊತೆ ನಂಬಿಕೆಯೂ ಹೋಗಲಿಲ್ಲ. ಹಾಗೆ ಹೋಗಿದ್ದರೆ ಅದು ಹಂಚಿನ ಮೇಲಿನ ನಂಬಿಕೆಯೇ ಆಗಿರುತ್ತಿತ್ತು.

ಈಗಿನ ಸ್ಥಿತಿ ಬೇರೆ. ದೊಡ್ಡ ಮೈದಾನದಲ್ಲಿ ಧ್ವನಿವರ್ಧಕ ಕಟ್ಟಿ, ಕಾಣಿಕೆ ಹಾಕಿದವನಿಗೆ ಕಾರು, ವೀಸಾ, ಸೈಟು, ಸಂತಾನ ಎಲ್ಲ ದೇವರ ಆಶೀರ್ವಾದವಾಗಿ ಬರುತ್ತವೆ ಎಂದು ಸಾರುವವರು ಎಲ್ಲ ಊರಿನಲ್ಲೂ ಇದ್ದಾರೆ. ಹೆಬಿಕ್ ಬದುಕಿದ್ದರೆ ಆ ವೇದಿಕೆ ಹತ್ತಿ ಮೈಕು ಕಿತ್ತುಕೊಳ್ಳುತ್ತಿದ್ದರು. ಇಹದ ಭೋಗಕ್ಕೆ ಪರಲೋಕದ ಮೊಹರು ಒತ್ತಿ ಮಾರುವ ವ್ಯಾಪಾರ ಅದು. ನಮ್ಮ ಹಳೆಯ ಸಭೆಗಳೂ ಎದೆ ತಟ್ಟಿಕೊಳ್ಳುವಂತಿಲ್ಲ. ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಟ್ಟು, ಈಸ್ಟರಿನ ದಿನ ಬಡ್ಡಿ ಸಮೇತ ವಸೂಲು ಮಾಡುತ್ತೇವೆ. ಮಗಳ ಮದುವೆಗೆ ಸಾಲ ಮಾಡಿ ಹಾಲ್ ಹಿಡಿಯುತ್ತೇವೆ. ಸಭಾಪಾಲಕರು ಅದೇ ಹಾಲ್‌ನಲ್ಲಿ ಸರಳತೆಯ ಮೇಲೆ ಐದು ನಿಮಿಷ ಮಾತಾಡಿ ಊಟಕ್ಕೆ ಏಳುತ್ತಾರೆ. ಇದನ್ನು ಪಾಪ ಅನ್ನುವಷ್ಟು ಕಟ್ಟುನಿಟ್ಟಿನವನು ನಾನಲ್ಲ. ಮದುವೆಯೂಟ ನನಗೂ ಇಷ್ಟ, ಕಾನಾ ಊರಿನ ಮೇಲ್ಪಂಕ್ತಿಯೂ ಇದೆ. ಆದರೆ ತಾನು ಬಿಟ್ಟದ್ದರಿಂದ ಇನ್ನೊಬ್ಬರಿಗೆ ಏನು ದಕ್ಕಿತು ಎಂದು ಕೇಳಿಕೊಳ್ಳದ ತ್ಯಾಗ ಬರೀ ಪಥ್ಯ. ಕೌಂಡಿನ್ಯರು ಬಿಟ್ಟದ್ದು ಆನಂದಪುರವಾಯಿತು. ನಾವು ನಲವತ್ತು ದಿನ ಬಿಟ್ಟ ಮಾಂಸದ ದುಡ್ಡು ಎಲ್ಲಿ ಹೋಗುತ್ತದೆ?

ಕೊನೆಗೊಂದು ವಿನಂತಿ. ನಿಮ್ಮಲ್ಲಿ ಕೆಲವರ ಹಿರಿಯರು ಕರಾವಳಿಯಿಂದಲೋ ಧಾರವಾಡ, ಗದಗದ ಕಡೆಯಿಂದಲೋ ರೈಲ್ವೆ ಕೆಲಸ, ಮಾಸ್ತರಿಕೆ ಅಂತ ಈ ಕಡೆ ಬಂದವರಿರಬಹುದು. ಅವರ ಟ್ರಂಕಿನ ತಳದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಕೀರ್ತನೆ ಪುಸ್ತಕವೋ ಬೈಬಲ್ಲೋ ಇದ್ದರೆ ರದ್ದಿಯವನಿಗೆ ಹಾಕಬೇಡಿ. ಅಂಥ ಪುಸ್ತಕಗಳ ಮೊದಲ ಹಾಳೆಯಲ್ಲಿ ಮನೆಯವರ ಹುಟ್ಟು, ದೀಕ್ಷಾಸ್ನಾನ, ಸಾವಿನ ದಿನಗಳನ್ನು ಬರೆದಿಡುವ ವಾಡಿಕೆಯಿತ್ತು. ಹೆಣ್ಣುಮಕ್ಕಳ ಹೆಸರು ಬೇರೆಲ್ಲೂ ಇಲ್ಲದಿದ್ದರೂ ಅಲ್ಲಿ ಸಿಗುತ್ತದೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನವರು ಇಂಥ ಹಳೆಯ ಪುಸ್ತಕ, ದಾಖಲೆಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವರಿಗೊಂದು ಕಾಗದ ಬರೆಯಿರಿ. ಪುಸ್ತಕ ಕೊಡಲು ಮನಸ್ಸಾಗದಿದ್ದರೆ ಆ ಮೊದಲ ಹಾಳೆಯ ಫೋಟೋವನ್ನಾದರೂ ಕಳಿಸಿ.